ಸ್ಪರ್ಶದಿಂದ ಬರುವ ಇಸುಬು: ಕಾರಣವನ್ನು ಕಂಡುಹಿಡಿಯುವ ಬಗೆ

ಮೈಮೇಲೆ ತುರಿಕೆಯ ಗಾದರಿ ಎದ್ದೊಡನೆ ನಮ್ಮ ಜನರು ಕೇಳುವ ಪ್ರಶ್ನೆಗಳು ಮೂರು. ರಕ್ತ ಕೆಟ್ಟಿದೆಯೇ? ಬದನೆಕಾಯಿ ಬಿಡಬೇಕೇ? ಇದು ಮನೆಯವರಿಗೆ ಅಂಟುತ್ತದೆಯೇ? ಮೂರೂ ಸಹಜವಾದ ಪ್ರಶ್ನೆಗಳೇ. ಆದರೆ ಚರ್ಮದ ಬಾಧೆಯಿಂದ ವೈದ್ಯರ ಬಳಿಗೆ ಬರುವ ಅನೇಕರ ಮಟ್ಟಿಗೆ ನಿಜವಾದ ಪ್ರಶ್ನೆ ನಾಲ್ಕನೆಯದು. ಅದನ್ನು ಯಾರೂ ಕೇಳುವುದಿಲ್ಲ. ಈ ಚರ್ಮಕ್ಕೆ ಏನು ತಾಗಿತು? ಈ ಒಂದು ಪ್ರಶ್ನೆಗೆ ಸರಿಯಾದ ಉತ್ತರ ದೊರೆತರೆ ವರ್ಷಗಳಿಂದ ಕಾಡುತ್ತಿದ್ದ ರೋಗ ಕೆಲವೇ ವಾರಗಳಲ್ಲಿ ಇಳಿಯುವುದುಂಟು. ಉತ್ತರ ದೊರೆಯದಿದ್ದರೆ ಎಷ್ಟು ಬಗೆಯ ಮುಲಾಮು ಹಚ್ಚಿದರೂ ರೋಗ ಮರಳಿ ಮರಳಿ ಬರುತ್ತದೆ.

ಹೊರಗಿನ ವಸ್ತುವೊಂದರ ಸ್ಪರ್ಶದಿಂದ ಚರ್ಮವು ಕೆಂಪಾಗಿ, ಊದಿ, ತುರಿಸಿ, ನೀರು ಒಸರಿ, ಮುಂದೆ ಒಣಗಿ ದಪ್ಪವಾಗುವ ಈ ರೋಗವನ್ನು ಸ್ಪರ್ಶಜನ್ಯ ಚರ್ಮದ ಉರಿಯೂತ ಎನ್ನುತ್ತಾರೆ. ಆಡುಮಾತಿನಲ್ಲಿ ಇದು ಇಸುಬು. ಇಸುಬಿನ ಎಲ್ಲ ಬಗೆಗಳೂ ಸ್ಪರ್ಶದಿಂದ ಬರುವುದಿಲ್ಲ. ಆದರೆ ಸ್ಪರ್ಶದಿಂದ ಬರುವ ಬಗೆಯನ್ನು ತಡೆಯುವುದು ನಮ್ಮ ಕೈಯಲ್ಲಿಯೇ ಇದೆ. ಆದ್ದರಿಂದ ಈ ಸಂಚಿಕೆಯಲ್ಲಿ ಅದರ ಕಾರಣಗಳನ್ನು, ಮುಖ್ಯವಾಗಿ ರೋಣ, ನರಗುಂದ, ಗಜೇಂದ್ರಗಡ ಭಾಗದ ಹೊಲ, ಮನೆ, ಕಾಯಕಗಳಲ್ಲಿ ಎದುರಾಗುವ ಕಾರಣಗಳನ್ನು ವಿವರಿಸುತ್ತೇವೆ.

ಕೆರಳಿಕೆ ಬೇರೆ, ಅಲರ್ಜಿ ಬೇರೆ

ಸ್ಪರ್ಶದಿಂದ ಬರುವ ಉರಿಯೂತದಲ್ಲಿ ಎರಡು ಬಗೆ. ಮೊದಲನೆಯದು ಬರಿಯ ಕೆರಳಿಕೆ. ವಸ್ತುವು ತನ್ನ ತೀಕ್ಷ್ಣತೆಯಿಂದಲೇ ಚರ್ಮವನ್ನು ಸುಡುತ್ತದೆ. ಇದಕ್ಕೆ ನಮ್ಮ ಎರೆಹೊಲಗಳಲ್ಲಿಯೇ ಒಳ್ಳೆಯ ನಿದರ್ಶನವಿದೆ. ಕಡಲೆಯ ಗಿಡ ತನ್ನ ಎಲೆ, ಕಾಯಿಗಳ ಮೇಲೆ ಹುಳಿಯನ್ನು ಒಸರಿಸುತ್ತದೆ. ಚಳಿಗಾಲದ ನಸುಕಿನಲ್ಲಿ ಬಿಳಿಯ ಬಟ್ಟೆ ಹಾಸಿ ಆ ಹುಳಿಯನ್ನು ಸಂಗ್ರಹಿಸಿ ಔಷಧಕ್ಕೆ ಬಳಸುವ ರೂಢಿ ನಮ್ಮಲ್ಲಿದೆ. ಅದೇ ಹುಳಿ, ಕಡಲೆಯ ಹೊಲದಲ್ಲಿ ದಿನವಿಡೀ ದುಡಿದವರ ಕಾಲು ಕೈಗಳನ್ನು ಉರಿಸುತ್ತದೆ. ಮೆಣಸಿನಕಾಯಿಯ ತೊಟ್ಟು ಬಿಡಿಸುವವರ ಬೆರಳುರಿಯೂ ಇದೇ ಜಾತಿಯದು. ಇಂತಹ ಕೆರಳಿಕೆ ಯಾರಿಗೂ ಆಗಬಹುದು. ವಸ್ತು ಎಷ್ಟು ತೀಕ್ಷ್ಣ, ಎಷ್ಟು ಹೊತ್ತು ತಾಗಿತು ಎಂಬುದರ ಮೇಲೆ ಅದು ನಿಂತಿದೆ. ಕೆಲಸ ನಿಲ್ಲಿಸಿ ತೊಳೆದುಕೊಂಡರೆ ತಾನಾಗಿಯೇ ಶಮನವಾಗುತ್ತದೆ.

ಎರಡನೆಯದು ಅಲರ್ಜಿ. ಇಲ್ಲಿ ವಸ್ತು ತೀಕ್ಷ್ಣವಾಗಿರಬೇಕೆಂದಿಲ್ಲ. ನೂರು ಜನ ಮುಟ್ಟಿದರೂ ತೊಂಭತ್ತೈದು ಜನಕ್ಕೆ ಏನೂ ಆಗದಿರಬಹುದು. ಉಳಿದ ಕೆಲವರ ದೇಹ ಮಾತ್ರ ಆ ವಸ್ತುವನ್ನು ಹಗೆಯೆಂದು ಗುರುತಿಟ್ಟುಕೊಳ್ಳುತ್ತದೆ. ಒಮ್ಮೆ ಗುರುತಿಟ್ಟುಕೊಂಡ ಮೇಲೆ ಕಣದಷ್ಟು ತಾಗಿದರೂ ಸಾಕು, ಉರಿಯೂತ ಏಳುತ್ತದೆ.

ಇದು ನಡೆಯುವ ಬಗೆಯನ್ನು ತಿಳಿದರೆ ಅರ್ಧ ಗೊಂದಲ ಪರಿಹಾರವಾಗುತ್ತದೆ. ಅಲರ್ಜಿ ತರುವ ಪದಾರ್ಥಗಳು ಸಾಮಾನ್ಯವಾಗಿ ಅತಿ ಸಣ್ಣ ಅಣುಗಳು. ಅವು ಚರ್ಮದ ಮೇಲ್ಪದರವನ್ನು ದಾಟಿ ಒಳಗಿನ ಪ್ರೋಟೀನುಗಳಿಗೆ ಅಂಟಿಕೊಳ್ಳುತ್ತವೆ. ಚರ್ಮದಲ್ಲಿರುವ ಕಾವಲು ಕೋಶಗಳು ಇದನ್ನು ಹಿಡಿದು ಹತ್ತಿರದ ದುಗ್ಧರಸ ಗ್ರಂಥಿಗೆ ಒಯ್ದು, ಅಲ್ಲಿಯ ‘ಟಿ’ ಕೋಶಗಳಿಗೆ ಪರಿಚಯಿಸುತ್ತವೆ. ಈ ಪರಿಚಯ ಗಟ್ಟಿಯಾಗಲು ಹತ್ತು ಹದಿನೈದು ದಿನಗಳಾದರೂ ಬೇಕು. ಎಷ್ಟೋ ಸಲ ವರ್ಷಗಳೇ ಹಿಡಿಯುತ್ತವೆ. ಅಲ್ಲಿಯವರೆಗೆ ಹೊರಗೆ ಯಾವ ಲಕ್ಷಣವೂ ಕಾಣದು. ಆ ಬಳಿಕ ಅದೇ ವಸ್ತು ಮತ್ತೆ ತಾಗಿದಾಗ ಒಂದರಿಂದ ಮೂರು ದಿನಗಳೊಳಗೆ ತುರಿಕೆ, ಊತ ಕಾಣಿಸುತ್ತವೆ.

ಇದರಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, ಹಳೆಯ ಬಳಕೆ ಎಂಬುದು ನಿರಪರಾಧಕ್ಕೆ ಸಾಕ್ಷಿಯಲ್ಲ. ‘ಸಾಹೇಬ್ರ, ಇದನ್ನ ಇಪ್ಪತ್ತು ವರ್ಷದಿಂದ ಹಚ್ಚಾಕತ್ತೀನ್ರೀ, ಎಂದೂ ಏನೂ ಆಗಿಲ್ಲ’ ಎಂಬ ಮಾತನ್ನು ನಾವು ಲೆಕ್ಕವಿಲ್ಲದಷ್ಟು ಸಲ ಕೇಳಿದ್ದೇವೆ. ಇಪ್ಪತ್ತು ವರ್ಷ ಹೊಂದಿಕೊಂಡ ವಸ್ತುವೇ ಇಪ್ಪತ್ತೊಂದನೆಯ ವರ್ಷ ಆಗದೆ ಹೋಗಬಹುದು. ಎರಡನೆಯದು, ಇಂದು ಎದ್ದ ಗಾದರಿಗೆ ಇಂದಿನ ವಸ್ತುವೇ ಕಾರಣವೆನ್ನುವಂತಿಲ್ಲ. ಮೊನ್ನೆ ಏನು ಮುಟ್ಟಿದ್ದೆವು ಎಂದು ಹಿಂದಕ್ಕೆ ನೆನೆಯಬೇಕು. ಬೆಳಿಗ್ಗೆ ಉಂಡದ್ದನ್ನು ದೂರುತ್ತ ಕುಳಿತವರಿಗೆ ಭಾನುವಾರ ತಲೆಗೆ ಹಚ್ಚಿದ ಬಣ್ಣ ನೆನಪಾಗುವುದೇ ಇಲ್ಲ.

ಮೂರನೆಯ ಸಂಗತಿಯೊಂದನ್ನು ಒತ್ತಿ ಹೇಳಬೇಕು. ಈ ರೋಗ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಇಸುಬು ಇದ್ದವರಿಗೆ ಬೇರೆ ತಾಟು, ಬೇರೆ ಹಾಸಿಗೆ ಮಾಡಿ ನೋಯಿಸುವ ಅಗತ್ಯವಿಲ್ಲ.

ಆಯುರ್ವೇದದ ದೃಷ್ಟಿ

ಅಲರ್ಜಿ ಎಂಬ ಶಬ್ದ ಇಪ್ಪತ್ತನೆಯ ಶತಮಾನದ್ದು. ಆದರೆ ಮೈಗೆ ತಾಗುವ ವಸ್ತುವಿನಿಂದಲೇ ಚರ್ಮ ಕೆಡಬಲ್ಲದೆಂಬ ಅರಿವು ನಮ್ಮ ಪ್ರಾಚೀನ ವೈದ್ಯರಿಗಿತ್ತು. ಸುಶ್ರುತ ಸಂಹಿತೆಯ ಕಲ್ಪಸ್ಥಾನವು ವಿಷಗಳನ್ನು ಕುರಿತದ್ದು. ಅರಸನಿಗೆ ವೈರಿಗಳು ವಿಷ ಬೆರೆಸಬಹುದಾದ ಪದಾರ್ಥಗಳನ್ನು ಅಲ್ಲಿ ಹೆಸರಿಸಲಾಗಿದೆ. ಅನ್ನ, ಪಾನಗಳ ಜೊತೆಗೆ ಮೈಗೆ ಹಚ್ಚುವ ಎಣ್ಣೆ, ಬಾಚಣಿಗೆ, ಲೇಪನ, ಬಟ್ಟೆ, ಹೂಮಾಲೆ, ಆಭರಣ, ಪಾದರಕ್ಷೆಗಳೂ ಆ ಪಟ್ಟಿಯಲ್ಲಿವೆ. ಆ ಸಂದರ್ಭ ಬೇರೆ. ಅಲ್ಲಿ ಹೇಳಿದ್ದು ಬೇಕೆಂದೇ ಬೆರೆಸಿದ ವಿಷದ ಮಾತು. ಆದರೂ ಇಂದಿನ ಚರ್ಮರೋಗ ತಜ್ಞರು ರೋಗಿಯನ್ನು ವಿಚಾರಿಸುವ ಪಟ್ಟಿಯಲ್ಲಿ ಹೆಚ್ಚು ಕಡಿಮೆ ಇವೇ ವಸ್ತುಗಳಿರುತ್ತವೆ ಎಂಬುದು ಗಮನಿಸತಕ್ಕದ್ದು.

ಆಯುರ್ವೇದದಲ್ಲಿ ಚಿಕಿತ್ಸೆಯ ಮೊದಲ ಹೆಜ್ಜೆ ನಿದಾನ ಪರಿವರ್ಜನ, ಅಂದರೆ ಕಾರಣವನ್ನು ತೊರೆಯುವುದು. ಔಷಧ ಅದರ ನಂತರದ್ದು. ಒಲೆಯಲ್ಲಿ ಉರಿ ಹಾಗೆಯೇ ಇರುವಾಗ ಉಕ್ಕುವ ಹಾಲಿಗೆ ನೀರು ಚಿಮುಕಿಸುತ್ತ ಎಷ್ಟು ಹೊತ್ತು ನಿಲ್ಲಲಾದೀತು?

ಹೊಲದ ಬದುವಿನಲ್ಲಿರುವ ಶತ್ರು

ನಮ್ಮ ಭಾಗದಲ್ಲಿ ಈ ರೋಗದ ಅತಿ ದೊಡ್ಡ ಕಾರಣಗಳಲ್ಲೊಂದು ಕಾಂಗ್ರೆಸ್ ಕಸ, ಅಂದರೆ ಪಾರ್ಥೇನಿಯಂ. ಇದರ ಮೂಲ ಅಮೆರಿಕ ಖಂಡದ ಉಷ್ಣ ಪ್ರದೇಶ. 1950ರ ದಶಕದ ನಡುವೆ ಪುಣೆಯಲ್ಲಿ ಗುರುತಿಸಲ್ಪಟ್ಟ ಈ ಗಿಡ ಕೆಲವೇ ದಶಕಗಳಲ್ಲಿ ದೇಶವನ್ನೆಲ್ಲ ವ್ಯಾಪಿಸಿತು. ಒಂದೊಂದು ಗಿಡ ಸಾವಿರಾರು ಬೀಜಗಳನ್ನು ಉದುರಿಸುತ್ತದೆ. ಕರ್ನಾಟಕ ಸರಕಾರವು 1975ರಲ್ಲಿಯೇ ಇದನ್ನು ಹಾನಿಕಾರಕ ಕಳೆಯೆಂದು ಸಾರಿತು. 1984ರಲ್ಲಿ ಇದನ್ನು ತಿನ್ನುವ ಮೆಕ್ಸಿಕೋದ ದುಂಬಿಯನ್ನು ಬೆಂಗಳೂರಿನಲ್ಲಿ ಬಿಡಲಾಯಿತು. ಆದರೂ ಮಳೆ ಬಿದ್ದ ಹದಿನೈದು ದಿನಗಳಲ್ಲಿ ರಸ್ತೆಯ ಇಕ್ಕೆಲ, ಮಲಪ್ರಭೆಯ ಕಾಲುವೆಯ ದಂಡೆ, ಬೀಳುಬಿದ್ದ ಹೊಲ, ಶಾಲೆಯ ಬಯಲು, ಎಲ್ಲ ಕಡೆ ಬಿಳಿಯ ಹೂವಿನ ಈ ಗಿಡ ಎದ್ದು ನಿಲ್ಲುವುದನ್ನು ಕಾಣುತ್ತೇವೆ.

ಇದರಲ್ಲಿರುವ ಪಾರ್ಥೇನಿನ್ ಎಂಬ ಪದಾರ್ಥವೇ ಅಲರ್ಜಿಗೆ ಮುಖ್ಯ ಕಾರಣ. ಎಲೆ, ಕಾಂಡಗಳ ಮೇಲಿನ ನವಿರಾದ ರೋಮಗಳಲ್ಲಿ ಅದಿರುತ್ತದೆ. ಗಿಡ ಒಣಗಿದರೂ ಅದರ ಗುಣ ಹೋಗದು. ಪುಡಿಯಾಗಿ ಗಾಳಿಯಲ್ಲಿ ತೇಲುತ್ತದೆ. ಆದ್ದರಿಂದ ಗಿಡವನ್ನು ಕೈಯಿಂದ ಮುಟ್ಟದವರಿಗೂ ರೋಗ ಬರುತ್ತದೆ. ಗಾಳಿಯಿಂದ ಬರುವ ಈ ಬಗೆಯ ಗುರುತು ವಿಶಿಷ್ಟವಾದದ್ದು. ರೆಪ್ಪೆಗಳು ಊದುತ್ತವೆ, ಮುಖ, ಕಿವಿಯ ಹಿಂಭಾಗ, ಕುತ್ತಿಗೆ, ಮೊಳಕೈಯ ಮಡಿಕೆಗಳು ಕೆಂಪಾಗಿ ತುರಿಸುತ್ತವೆ. ಬಟ್ಟೆಯಿಂದ ಮುಚ್ಚಿದ ಭಾಗ ಮೊದಮೊದಲು ಚೆನ್ನಾಗಿರುತ್ತದೆ. ಹೊಲದಲ್ಲಿ ದುಡಿಯುವ ನಡುವಯಸ್ಸಿನ ಗಂಡಸರಲ್ಲಿ ಇದು ಹೆಚ್ಚು. ಮೊದಲು ಗಿಡ ಬೆಳೆಯುವ ಕಾಲದಲ್ಲಿ ಮಾತ್ರ ಬಂದು ಹೋಗುವ ಬಾಧೆ ಮುಂದೆ ವರ್ಷವಿಡೀ ನಿಲ್ಲುತ್ತದೆ. ಮುಖದ ಚರ್ಮ ದಪ್ಪವಾಗಿ ಕಪ್ಪಾಗುತ್ತದೆ, ಬಿಸಿಲನ್ನೂ ತಾಳದಾಗುತ್ತದೆ. ಬಿಸಿಲಿಗೆ ಹೋಗಲಾರದ ರೈತನ ಪಾಡನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಸೂರ್ಯಕಾಂತಿ, ಸೇವಂತಿಗೆಗಳೂ ಇದೇ ಸಸ್ಯ ಕುಟುಂಬಕ್ಕೆ ಸೇರಿದವು. ಪಾರ್ಥೇನಿಯಂ ಆಗದ ಕೆಲವರಿಗೆ ಇವುಗಳ ಸ್ಪರ್ಶವೂ ಆಗದು. ಹೂ ಕಟ್ಟುವವರು, ಹೂ ಬೆಳೆಯುವವರು ಇದನ್ನು ನೆನಪಿನಲ್ಲಿಡಬೇಕು.

ಗ್ರಾಮ ಸ್ವಚ್ಛತೆಯ ಶ್ರಮದಾನದಲ್ಲಿ ಶಾಲೆಯ ಮಕ್ಕಳಿಂದ ಬರಿಗೈಯಲ್ಲಿ ಈ ಗಿಡವನ್ನು ಕೀಳಿಸುವುದು ಅಲ್ಲಲ್ಲಿ ನಡೆಯುತ್ತದೆ. ಉದ್ದೇಶ ಒಳ್ಳೆಯದು, ಆದರೆ ಕ್ರಮ ತಪ್ಪು. ಬರಿಗೈಯ ಈ ಸ್ಪರ್ಶವೇ ಜೀವನಪೂರ್ತಿ ಉಳಿಯುವ ಅಲರ್ಜಿಗೆ ಬೀಜವಾಗಬಹುದು. ಗಿಡ ಹೂ ಬಿಡುವ ಮೊದಲೇ, ನೆಲ ಹಸಿಯಿರುವಾಗಲೇ, ದೊಡ್ಡವರು ಕೈಚೀಲ ತೊಟ್ಟು, ತುಂಬುತೋಳಿನ ಅಂಗಿ ಧರಿಸಿ, ಮೂಗು ಬಾಯಿಗೆ ವಸ್ತ್ರ ಕಟ್ಟಿಕೊಂಡು ಕೀಳಬೇಕು. ಈಗಾಗಲೇ ತುರಿಕೆಯಿರುವವರು ಈ ಕೆಲಸಕ್ಕೆ ಇಳಿಯಲೇಬಾರದು. ಒಣಗಿದ ಗಿಡವನ್ನು ಓಣಿಯ ಮಧ್ಯೆ ರಾಶಿ ಹಾಕಿ ಸುಡುವುದೂ ಸಲ್ಲದು. ಕಿತ್ತ ಜಾಗದಲ್ಲಿ ತಗಚೆಯಂತಹ ಗಿಡ ಬೆಳೆದರೆ ಅದು ಪಾರ್ಥೇನಿಯಂ ಮರಳಿ ಏಳುವುದನ್ನು ಅಡಗಿಸುತ್ತದೆ.

ಕೇರುಬೀಜ ಮತ್ತು ಮನೆಮದ್ದು

ನಮ್ಮ ಶಾಸ್ತ್ರದ ಔಷಧಗಳಲ್ಲಿಯೂ ಚರ್ಮವನ್ನು ಕೆಡಿಸುವವು ಇವೆ ಎಂಬುದನ್ನು ಮರೆಮಾಚಬಾರದು. ಭಲ್ಲಾತಕ, ಅಂದರೆ ಕೇರುಬೀಜ, ಇವುಗಳಲ್ಲಿ ಮುಖ್ಯವಾದದ್ದು. ಇದರ ಸಿಪ್ಪೆಯ ಕಪ್ಪು ರಸದಿಂದ ಅಗಸರು ಬಟ್ಟೆಗೆ ಅಳಿಸಲಾಗದ ಗುರುತು ಹಾಕುತ್ತಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಭಾರತಕ್ಕೆ ಬಂದಿದ್ದ ಅಮೆರಿಕದ ಸೈನಿಕರ ಕುತ್ತಿಗೆ, ಸೊಂಟಗಳಲ್ಲಿ ಕಾಣಿಸಿಕೊಂಡ ಉರಿಗುಳ್ಳೆಗಳಿಗೆ ಈ ಅಗಸರ ಗುರುತೇ ಕಾರಣವೆಂದು 1943ರಲ್ಲಿ ಅವರ ವೈದ್ಯರು ವರದಿ ಮಾಡಿದರು. ಬಟ್ಟೆಯ ಪಟ್ಟಿಯಲ್ಲಿದ್ದ ಒಂದು ಚುಕ್ಕೆ ಅಷ್ಟು ಕೆಲಸ ಮಾಡಿತ್ತು. ಅವರ ನಾಡಿನ ವಿಷದ ಬಳ್ಳಿಯೊಂದು ಕೇರಿನ ಕುಟುಂಬಕ್ಕೇ ಸೇರಿದ್ದು. ಗೋಡಂಬಿಯ ಸಿಪ್ಪೆಯ ಎಣ್ಣೆ, ಮಾವಿನ ಸೊನೆಗಳೂ ಇದೇ ಕುಟುಂಬದವು.

ಒಡೆದ ಹಿಮ್ಮಡಿಗೆ, ಕೀಲುನೋವಿಗೆ ಕೇರುಬೀಜವನ್ನು ಕಾಸಿ ಹಚ್ಚುವ ಪದ್ಧತಿ ಹಳ್ಳಿಗಳಲ್ಲಿ ಇನ್ನೂ ಅಳಿದಿಲ್ಲ. ಶಾಸ್ತ್ರವು ಇದನ್ನು ಇಟ್ಟಿಗೆಯ ಪುಡಿಯಲ್ಲಿ ಉಜ್ಜಿ ಶುದ್ಧಿಗೊಳಿಸದೆ ಬಳಸಬಾರದೆಂದು ವಿಧಿಸಿದೆ. ಶುದ್ಧಿಗೊಳಿಸುವ ವೈದ್ಯನೂ ಕೈಗೆ ಎಣ್ಣೆ ಸವರಿಕೊಂಡೇ ಅದನ್ನು ಮುಟ್ಟುತ್ತಾನೆ. ಶಾಸ್ತ್ರವೇ ಇಷ್ಟು ಅಂಜಿ ಬಳಸುವ ವಸ್ತುವನ್ನು ಮನೆಯಲ್ಲಿ ಕಾಸಿ ಹಚ್ಚುವುದು ಬೇಡ. ಎಕ್ಕೆಯ ಹಾಲು, ಚಿತ್ರಮೂಲದ ಬೇರು, ಅರೆದ ಬೆಳ್ಳುಳ್ಳಿಯ ಪಟ್ಟಿ ಇವೂ ಚರ್ಮವನ್ನು ಸುಡಬಲ್ಲವು. ‘ಗಿಡಮೂಲಿಕೆಯಲ್ಲವೇ, ಏನಾಗುತ್ತದೆ?’ ಎಂಬ ಮಾತು ಆಯುರ್ವೇದದ ಮಾತಲ್ಲ.

ಕಾಯಕದ ಕೈಗಳು

ಗಾರೆ ಕೆಲಸ ಮಾಡುವವರ ಅಂಗೈ, ಬೆರಳ ಸಂದುಗಳು ಬಿರಿಯುವುದನ್ನು ಎಲ್ಲರೂ ನೋಡಿದ್ದೇವೆ. ಹಸಿ ಸಿಮೆಂಟಿನ ಕ್ಷಾರ ಚರ್ಮವನ್ನು ಸುಡುತ್ತದೆ, ಅದು ಕೆರಳಿಕೆ. ಅದರೊಳಗಿನ ಕ್ರೋಮಿಯಂ ಎಂಬ ಲೋಹದ ಅಂಶ ಅಲರ್ಜಿಯನ್ನೂ ತರುತ್ತದೆ. ಕೈ ಬಿರಿದಷ್ಟೂ ಕ್ರೋಮಿಯಂ ಒಳಗಿಳಿಯುತ್ತದೆ. ಡೆನ್ಮಾರ್ಕ್ ದೇಶದಲ್ಲಿ 1980ರ ದಶಕದ ಆರಂಭದಿಂದ ಸಿಮೆಂಟಿಗೆ ಕಬ್ಬಿಣದ ಸಲ್ಫೇಟನ್ನು ಬೆರೆಸಿ ಈ ಅಂಶವನ್ನು ನಿರ್ಬಲಗೊಳಿಸಿದರು. ಗಾರೆಯವರ ಕೈಯ ಇಸುಬು ಅಲ್ಲಿ ಇಳಿಮುಖವಾಯಿತು. ಕೆಲಸಗಾರನಿಗೆ ಮುಲಾಮು ಕೊಡುತ್ತ ಕೂರದೆ ಕಾರಣವನ್ನೇ ತೆಗೆದುದಕ್ಕೆ ಇದು ಒಳ್ಳೆಯ ಉದಾಹರಣೆ. ನಮ್ಮ ಗೌಂಡಿಗಳು, ಸಿಮೆಂಟು ಹೊರುವ ತಾಯಂದಿರು ಕೈಚೀಲ, ಬೂಟು ಧರಿಸಬೇಕು. ಹಾಗಾಗದಿದ್ದರೆ ಪ್ರತಿ ವಿರಾಮದಲ್ಲಿ ಕೈಕಾಲು ತೊಳೆದು ಕೊಬ್ಬರಿ ಎಣ್ಣೆ ಸವರಿಕೊಳ್ಳುವುದನ್ನಾದರೂ ರೂಢಿಸಿಕೊಳ್ಳಬೇಕು.

ಬಿತ್ತನೆಯ ಕಾಲದಲ್ಲಿ ಬೀಜೋಪಚಾರಕ್ಕೆ ಬಳಸುವ ಥೈರಮ್ ಎಂಬ ಶಿಲೀಂಧ್ರನಾಶಕವನ್ನು ಹಲವರು ಬರಿಗೈಯಲ್ಲಿ ಬೆರೆಸುತ್ತಾರೆ. ಇದು ಅಲರ್ಜಿ ತರುವ ಪದಾರ್ಥ. ರಬ್ಬರನ್ನು ಹದಗೊಳಿಸಲು ಬಳಸುವ ರಾಸಾಯನಿಕಗಳಲ್ಲಿಯೂ ಇದೇ ಥೈರಮ್ ಇರುವುದು ವಿಚಿತ್ರವಾದರೂ ನಿಜ. ಆದ್ದರಿಂದ ಥೈರಮ್ ಆಗದ ರೈತ ರಕ್ಷಣೆಗೆಂದು ರಬ್ಬರಿನ ಕೈಚೀಲ ತೊಟ್ಟರೆ ರೋಗ ಹೆಚ್ಚಾಗಬಹುದು. ಕೈಚೀಲ ತೊಟ್ಟ ಮೇಲೂ ಕೈ ಕೆಟ್ಟರೆ ಕೈಚೀಲವನ್ನೇ ಶಂಕಿಸಬೇಕು. ಅಂಥವರಿಗೆ ಪ್ಲಾಸ್ಟಿಕ್ ಕೈಚೀಲ ಲೇಸು. ಗಜೇಂದ್ರಗಡದ ನೇಕಾರ ಬಂಧುಗಳಲ್ಲಿ ನೂಲಿಗೆ ಬಣ್ಣ ಹಾಕುವವರೂ ಬಣ್ಣದ ನೀರಿನಲ್ಲಿ ಬರಿಗೈ ಅದ್ದಬಾರದು.

ಅಡುಗೆಮನೆಯ ಕಾಯಕದಲ್ಲಿ ಬೆಳ್ಳುಳ್ಳಿ ಮುಖ್ಯ ಕಾರಣ. ಬಲಗೈಯಲ್ಲಿ ಚಾಕು ಬಳಸುವವರ ಎಡಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳ ತುದಿ ಒಣಗಿ ಸೀಳಿದರೆ, ಎಸಳನ್ನು ಹಿಡಿಯುವ ಬೆರಳುಗಳೇ ಅವು ಎಂಬುದನ್ನು ಗಮನಿಸಿರಿ. ಸೋಪಿನ ಪುಡಿ, ಬೂದಿ, ನೀರು ಇವುಗಳಲ್ಲಿ ದಿನವಿಡೀ ನೆನೆಯುವ ಕೈಗಳಿಗೆ ಅಲರ್ಜಿ ಬೇಗ ಹತ್ತುತ್ತದೆ.

ಹಣೆ, ತಲೆ, ಕೊರಳು, ಕಾಲು

ಹಣೆಗೆ ಅಂಟಿಸುವ ಟಿಕಳಿಯ ಅಂಟಿನಲ್ಲಿ ಇರಬಹುದಾದ ಕೆಲವು ರಾಸಾಯನಿಕಗಳು ತುರಿಕೆಯನ್ನು ತರುತ್ತವೆ, ಮತ್ತು ಕೆಲವರಲ್ಲಿ ಚರ್ಮದ ಬಣ್ಣ ತಯಾರಿಸುವ ಕೋಶಗಳನ್ನೇ ಕೊಲ್ಲುತ್ತವೆ. ಆಗ ಟಿಕಳಿಯ ಗಾತ್ರದ ಬಿಳಿಯ ಕಲೆ ಮೂಡುತ್ತದೆ. ಇದನ್ನು ತೊನ್ನು ಎಂದು ಬಗೆದು ಕನ್ಯೆಯರ ಸಂಬಂಧಗಳು ಮುರಿದದ್ದುಂಟು, ಸೊಸೆಯಂದಿರು ನಿಂದೆಗೆ ಗುರಿಯಾದದ್ದುಂಟು. ಸರಿಯಾಗಿ ಟಿಕಳಿ ಅಂಟಿಸುವ ಜಾಗದಲ್ಲಿ ಮಾತ್ರ ಕಲೆಯಿದ್ದರೆ ಮೊದಲು ಟಿಕಳಿಯನ್ನು ಬಿಡಿಸಿ, ವೈದ್ಯರಿಗೆ ತೋರಿಸಿ. ತುರಿಕೆ ಕಂಡಾಗಲೇ ಬಿಟ್ಟರೆ ಬಣ್ಣ ಮರಳುವ ಆಸೆ ಹೆಚ್ಚು. ಇನ್ನು ಕುಂಕುಮ. ಅರಿಸಿನ, ಸುಣ್ಣಗಳಿಂದ ಮಾಡುವ ಕುಂಕುಮದ ಜಾಗದಲ್ಲಿ ಇಂದು ಮಾರುಕಟ್ಟೆಯಲ್ಲಿ ಸಿಗುವುದು ಹಲವು ಸಲ ಕೃತಕ ಕೆಂಪು ಬಣ್ಣ. ಸುಗಂಧ ಬೆರೆಸಿದ ವಿಭೂತಿಯೂ ಕೆಲವರಿಗೆ ಆಗುವುದಿಲ್ಲ. ಸುಗಂಧವಿಲ್ಲದ ಶುದ್ಧ ವಿಭೂತಿಗೆ ಮರಳಿದರೆ ಸಾಕು, ವಿಭೂತಿಧಾರಣೆಯನ್ನು ಬಿಡಬೇಕಾಗಿಲ್ಲ.

ತಲೆಗೂದಲಿಗೆ, ಮೀಸೆಗೆ ಹಚ್ಚುವ ಕಪ್ಪು ಬಣ್ಣದಲ್ಲಿ ‘ಪಿಪಿಡಿ’ ಎಂಬ ರಾಸಾಯನಿಕವಿರುತ್ತದೆ. ಹಚ್ಚಿದ ಮರುದಿನವೋ ಮೂರನೆಯ ದಿನವೋ ರೆಪ್ಪೆಗಳು ಕಣ್ಣು ಮುಚ್ಚುವಷ್ಟು ಊದಿ, ಕಿವಿ, ಹಣೆಯ ಅಂಚು, ಕುತ್ತಿಗೆಗಳಲ್ಲಿ ನೀರು ಒಸರಿದರೆ ಇದನ್ನೇ ಮೊದಲು ಶಂಕಿಸಬೇಕು. ‘ಅಮೋನಿಯಾ ಇಲ್ಲ’ ಎಂದು ಪೊಟ್ಟಣದ ಮೇಲೆ ಬರೆದಿದ್ದರೆ ಪಿಪಿಡಿ ಇಲ್ಲವೆಂದು ಅರ್ಥವಲ್ಲ. ಮದುವೆಗಳಲ್ಲಿ ಹಚ್ಚುವ ‘ಕಪ್ಪು ಮೆಹಂದಿ’ಯಲ್ಲಿಯೂ ಇದನ್ನು ಬೆರೆಸುತ್ತಾರೆ. ಮದರಂಗಿಯ ಸಹಜ ಬಣ್ಣ ಕೆಂಪೇ ಹೊರತು ಕಪ್ಪಲ್ಲ. ಮಕ್ಕಳ ಕೈಗೆ ಕಪ್ಪು ಮೆಹಂದಿಯನ್ನು ಎಂದಿಗೂ ಹಾಕಬಾರದು. ಅಂದು ಹತ್ತಿದ ಅಲರ್ಜಿ ಮುಂದೆ ತಲೆಗೆ ಬಣ್ಣ ಹಚ್ಚುವ ವಯಸ್ಸಿನಲ್ಲಿಯೂ ಎಚ್ಚರಗೊಳ್ಳುತ್ತದೆ.

ಲೋಹಗಳಲ್ಲಿ ನಿಕ್ಕಲ್ ಅತ್ಯಂತ ಸಾಮಾನ್ಯ ಕಾರಣ. ಅಗ್ಗದ ಕಿವಿಯೋಲೆ, ಗಡಿಯಾರದ ಪಟ್ಟಿ, ಪ್ಯಾಂಟಿನ ಗುಂಡಿ, ಬೆಲ್ಟಿನ ಕೊಕ್ಕೆಗಳಲ್ಲಿ ಅದಿರುತ್ತದೆ. ಹೊಕ್ಕುಳ ಕೆಳಗೆ ಮಾತ್ರ ತುರಿಕೆಯಿದ್ದರೆ ಪ್ಯಾಂಟಿನ ಗುಂಡಿಯನ್ನು ನೋಡಿರಿ. ಓದುಗ ಶರಣರು ಇನ್ನೊಂದನ್ನೂ ಗಮನಿಸಬೇಕು. ಜರ್ಮನ್ ಸಿಲ್ವರ್ ಎಂದು ಮಾರುವ ಲೋಹದಲ್ಲಿ ಬೆಳ್ಳಿ ಇರುವುದಿಲ್ಲ. ಅದು ತಾಮ್ರ, ಸತು, ನಿಕ್ಕಲ್‌ಗಳ ಮಿಶ್ರಣ. ಅಂತಹ ಕರಡಿಗೆಯನ್ನು ಬೆವರುವ ಎದೆಯ ಮೇಲೆ ಧರಿಸಿದಾಗ ನಿಕ್ಕಲ್ ಕರಗಿ ಚರ್ಮಕ್ಕೆ ಇಳಿಯುತ್ತದೆ. ಎದೆಯಲ್ಲಿ ಕರಡಿಗೆ ತಾಗುವ ಜಾಗವೇ ಕೆಂಪಾದರೆ ಅದು ಇಷ್ಟಲಿಂಗದ ದೋಷವೂ ಅಲ್ಲ, ಧರಿಸಿದವರ ದೋಷವೂ ಅಲ್ಲ, ಲೋಹದ ದೋಷ. ಕರಡಿಗೆಯನ್ನು ಬದಲಿಸಿ, ಅಥವಾ ಬಿಳಿಯ ಹತ್ತಿಯ ವಸ್ತ್ರದಲ್ಲಿ ಕಟ್ಟಿ ಧರಿಸಬಹುದು. ಬೆವರಿನಿಂದ ತೊಯ್ದ ಶಿವದಾರವನ್ನು ಆಗಾಗ ಬದಲಿಸುವುದೂ ಒಳ್ಳೆಯದು.

ಕಾಲಿನ ಮೇಲೆ ರಬ್ಬರ್ ಚಪ್ಪಲಿಯ ಪಟ್ಟಿಯ ಆಕಾರದಲ್ಲಿಯೇ ಇಸುಬು ಮೂಡಿದರೆ ರಬ್ಬರಿನ ರಾಸಾಯನಿಕ ಕಾರಣ. ತೊಗಲಿನ ಪಾದರಕ್ಷೆಯಾದರೆ ಹದ ಮಾಡಲು ಬಳಸಿದ ಕ್ರೋಮಿಯಂ ಕಾರಣವಿರಬಹುದು.

ಕೊನೆಯದಾಗಿ ಔಷಧವೇ ರೋಗವಾಗುವುದೂ ಉಂಟು. ನಿಯೋಮೈಸಿನ್ ಎಂಬ ಔಷಧವಿರುವ ಗಾಯದ ಮುಲಾಮು, ನೋವಿನ ಬಾಮು, ಸುಗಂಧದ ಎಣ್ಣೆಗಳು ಕೆಲವರಿಗೆ ಆಗುವುದಿಲ್ಲ. ಮುಲಾಮು ಹಚ್ಚಿದಷ್ಟೂ ಗಾಯದ ಸುತ್ತ ತುರಿಕೆ ಹಬ್ಬಿದರೆ ಮುಲಾಮನ್ನೇ ನಿಲ್ಲಿಸಿ ನೋಡಬೇಕು.

ಕಾರಣವನ್ನು ಖಚಿತಪಡಿಸುವ ಪರೀಕ್ಷೆ

ರೋಗ ಎಲ್ಲಿ ಆರಂಭವಾಯಿತೆಂಬುದೇ ಮೊದಲ ಸುಳಿವು. ಮುಂದೆ ಅದು ಬೇರೆ ಕಡೆಗೂ ಹಬ್ಬುವುದರಿಂದ ಮೊದಲ ಜಾಗವನ್ನು ನೆನಪಿನಲ್ಲಿಟ್ಟು ವೈದ್ಯರಿಗೆ ಹೇಳಬೇಕು. ಕೆಲಸಕ್ಕೆ ಹೋಗದ ದಿನಗಳಲ್ಲಿ, ಪರ ಊರಿಗೆ ಹೋದಾಗ ಬಾಧೆ ಇಳಿಯುತ್ತದೆಯೇ ಎಂಬುದು ಎರಡನೆಯ ಸುಳಿವು.

ಖಚಿತಪಡಿಸಲು ಚರ್ಮರೋಗ ತಜ್ಞರು ಪ್ಯಾಚ್ ಪರೀಕ್ಷೆ ಮಾಡುತ್ತಾರೆ. ಜರ್ಮನ್ ವೈದ್ಯ ಯೋಸೆಫ್ ಯಾಡಸ್ಸೋನ್ 1895ರಲ್ಲಿ ಇದನ್ನು ಪ್ರಚುರಪಡಿಸಿದರು. ಶಂಕಿತ ಪದಾರ್ಥಗಳನ್ನು ಅತ್ಯಲ್ಪ ಪ್ರಮಾಣದಲ್ಲಿ ಬೆನ್ನಿಗೆ ಅಂಟಿಸಿ, 48 ಗಂಟೆಗಳ ನಂತರ ತೆಗೆದು ನೋಡಿ, ಮತ್ತೆ ಒಂದೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ಸೂಜಿ ಚುಚ್ಚುವುದಿಲ್ಲ. ಆ ದಿನಗಳಲ್ಲಿ ಬೆನ್ನಿಗೆ ನೀರು ತಾಗಿಸಬಾರದು. ರಕ್ತಪರೀಕ್ಷೆಯಿಂದ ಈ ಬಗೆಯ ಅಲರ್ಜಿ ತಿಳಿಯುವುದಿಲ್ಲ. ಅದಕ್ಕಾಗಿ ಸಾವಿರಾರು ರೂಪಾಯಿ ಕಳೆಯಬೇಡಿ. ಗದಗ, ಹುಬ್ಬಳ್ಳಿಗಳ ವೈದ್ಯಕೀಯ ಕಾಲೇಜುಗಳ ಚರ್ಮರೋಗ ವಿಭಾಗಗಳಲ್ಲಿ ಪ್ಯಾಚ್ ಪರೀಕ್ಷೆಯ ಬಗ್ಗೆ ವಿಚಾರಿಸಬಹುದು. ಆಯುರ್ವೇದದ ಚಿಕಿತ್ಸೆ ಬಯಸುವವರೂ ಈ ಪರೀಕ್ಷೆಯನ್ನು ಮಾಡಿಸಿಕೊಂಡು ಬಂದರೆ ನಮ್ಮ ಕೆಲಸ ಸುಗಮವಾಗುತ್ತದೆ. ಕಾರಣ ಯಾವುದೆಂದು ತಿಳಿಯುವಲ್ಲಿ ಪದ್ಧತಿಗಳ ಜಗಳಕ್ಕೆ ಎಡೆಯಿಲ್ಲ.

ಮಾಡಬೇಕಾದದ್ದು, ಮಾಡಬಾರದ್ದು

ಶಂಕೆಯ ವಸ್ತುವನ್ನು ನಿಲ್ಲಿಸಿರಿ. ಚರ್ಮವನ್ನು ತಣ್ಣೀರಿನಿಂದ ತೊಳೆಯಿರಿ, ಉಜ್ಜಬೇಡಿರಿ. ನೀರು ಒಸರುತ್ತಿದ್ದರೆ ಶುಭ್ರವಾದ ಹತ್ತಿಯ ಬಟ್ಟೆಯನ್ನು ಕಾಸಿ ಆರಿಸಿದ ನೀರಿನಲ್ಲಿ ಅದ್ದಿ, ದಿನಕ್ಕೆ ಮೂರು ನಾಲ್ಕು ಸಲ ಹದಿನೈದು ನಿಮಿಷ ಹಾಕಬೇಕು. ಒಸರುವ ಗಾಯದ ಮೇಲೆ ಯಾವ ಸೊಪ್ಪನ್ನೂ ಅರೆದು ಮೆತ್ತಬಾರದು. ಒಣಗಿದ ಮೇಲೆ ಸುಗಂಧವಿಲ್ಲದ ಕೊಬ್ಬರಿ ಎಣ್ಣೆ ಸಾಕು. ಹೊಲದಿಂದ ಬಂದೊಡನೆ ಸ್ನಾನ ಮಾಡಿ ಬಟ್ಟೆ ಬದಲಿಸುವುದು, ಆ ಬಟ್ಟೆಯನ್ನು ಬೇರೆಯಾಗಿ ಒಗೆಯುವುದು ಪಾರ್ಥೇನಿಯಂ ಬಾಧಿತರಿಗೆ ಔಷಧದಷ್ಟೇ ಮುಖ್ಯ. ಕಾರಣವನ್ನು ಬಿಟ್ಟ ಮೇಲೂ ಚರ್ಮ ಸರಿಯಾಗಲು ಎರಡರಿಂದ ನಾಲ್ಕು ವಾರ ಬೇಕು. ನಾಲ್ಕೇ ದಿನಕ್ಕೆ ಧೈರ್ಯಗೆಡಬಾರದು.

ಅಂಗಡಿಯಲ್ಲಿ ಕೇಳಿ ತಂದ ಮುಲಾಮುಗಳು ಇಂದು ದೊಡ್ಡ ಅಪಾಯ. ಬಹಳಷ್ಟು ತುರಿಕೆಯ ಮುಲಾಮುಗಳಲ್ಲಿ ಪ್ರಬಲ ಸ್ಟಿರಾಯ್ಡ್ ಇರುತ್ತದೆ. ವೈದ್ಯರು ನೋಡಿ, ಅಳೆದು, ಕೆಲವು ದಿನಗಳಿಗೆ ಕೊಟ್ಟಾಗ ಅದು ಉಪಕಾರಿಯೇ. ತಿಂಗಳುಗಟ್ಟಲೆ ಮುಖಕ್ಕೆ ಹಚ್ಚಿಕೊಂಡರೆ ಚರ್ಮ ತೆಳುವಾಗಿ, ಕೆಂಪು ನರಗಳು ಕಂಡು, ಹಚ್ಚುವುದನ್ನು ನಿಲ್ಲಿಸಿದೊಡನೆ ಉರಿ ಹೆಚ್ಚುತ್ತದೆ. ಗಜಕರ್ಣಕ್ಕೆ ಹಚ್ಚಿದರೆ ಅದು ಮರೆಯಾಗಿ ಹಬ್ಬುತ್ತದೆ. ಹೆಸರಿಲ್ಲದ ಪೊಟ್ಟಣದಲ್ಲಿ ‘ಆಯುರ್ವೇದದ ಪುಡಿ’ ಎಂದು ಕೊಡುವುದನ್ನೂ ನಂಬಬೇಡಿ. ಒಂದೇ ದಿನದಲ್ಲಿ ಪವಾಡದಂತೆ ತುರಿಕೆ ನಿಂತರೆ ಅದರಲ್ಲಿ ಏನು ಬೆರೆತಿದೆಯೆಂದು ಸಂದೇಹಪಡುವುದೇ ವಿವೇಕ. ಬಹುಕಾಲದಿಂದ ಸ್ಟಿರಾಯ್ಡ್ ಮಾತ್ರೆ ನುಂಗುತ್ತಿರುವವರು ಅದನ್ನು ತಮ್ಮಷ್ಟಕ್ಕೆ ಒಮ್ಮೆಗೇ ನಿಲ್ಲಿಸಿ ನಮ್ಮ ಬಳಿಗೆ ಬರಬಾರದು. ಅದು ಪ್ರಾಣಕ್ಕೇ ಕುತ್ತಾದೀತು. ಕೊಟ್ಟ ವೈದ್ಯರ ಸಲಹೆಯಂತೆಯೇ ಕ್ರಮವಾಗಿ ಇಳಿಸಬೇಕು.

ಕಣ್ಣು ಮುಚ್ಚುವಷ್ಟು ಊತ, ಜ್ವರ, ಕೀವು, ಬಾಯೊಳಗೆ ಹುಣ್ಣು, ಮೈತುಂಬ ಹಬ್ಬಿದ ಗುಳ್ಳೆ ಇವುಗಳಲ್ಲಿ ಯಾವುದು ಕಂಡರೂ ಅಂದೇ ಆಸ್ಪತ್ರೆಗೆ ಹೋಗಬೇಕು. ಉಸಿರಾಟಕ್ಕೆ ತೊಂದರೆಯಾದರೆ ಒಂದು ಕ್ಷಣವೂ ತಡಮಾಡಬಾರದು.

ಕಾಯಕವನ್ನು ಬಿಡಿರೆಂದು ನಾವು ಯಾರಿಗೂ ಹೇಳುವುದಿಲ್ಲ. ಹೇಳಿದರೆ ಬಡವನ ಮನೆಯ ಒಲೆ ಆರುತ್ತದೆ. ಕಾಯಕದ ನಡುವೆ ಯಾವ ವಸ್ತು ತಮಗೆ ಆಗದೆಂದು ತಿಳಿದು, ಅದೊಂದನ್ನು ದೂರವಿಟ್ಟು ದುಡಿಯುವುದು ಸಾಧ್ಯ. ಇಂದಿನಿಂದ ಒಂದು ಸಣ್ಣ ಅಭ್ಯಾಸ ಮಾಡಿಕೊಳ್ಳಿರಿ. ತುರಿಕೆ ಎದ್ದ ದಿನವನ್ನು, ಅದಕ್ಕೆ ಹಿಂದಿನ ಮೂರು ದಿನಗಳಲ್ಲಿ ಮುಟ್ಟಿದ, ಹಚ್ಚಿದ, ತೊಟ್ಟ ಹೊಸ ವಸ್ತುಗಳನ್ನು ಮಗುವಿನ ಹಳೆಯ ನೋಟುಬುಕ್ಕಿನಲ್ಲಿ ಬರೆದಿಡಿರಿ. ವೈದ್ಯರ ಬಳಿಗೆ ಹೋಗುವಾಗ ಆ ಹಾಳೆಯನ್ನೂ, ಹಚ್ಚುತ್ತಿರುವ ಮುಲಾಮಿನ ಟ್ಯೂಬನ್ನೂ ಜೊತೆಗೆ ಒಯ್ಯಿರಿ.